ಮಕ್ಕಳ ಕಾಲಿನ ಕಟ್ಟು ಬಿಚ್ಚಿಸಿದ ದಾದಿ ಎಲಿಜಬೆತ್ ಕೆನ್ನಿ

ಗಡಿನಾಡಿನ ಯಾವ ಊರಿನ ಜಾತ್ರೆಗೆ ಹೋದರೂ, ಸಂತೆಗೆ ಹೋದರೂ, ಒಂದು ಕೈಯನ್ನು ತೊಡೆಯ ಮೇಲೆ ಊರಿ, ಆ ಕೈಯ ಬಲದಿಂದಲೇ ಕಾಲನ್ನು ಮುಂದಿಡುತ್ತ ನಡೆಯುವ ನಡುವಯಸ್ಸಿನವರು ಒಬ್ಬರಾದರೂ ನಮ್ಮ ಕಣ್ಣಿಗೆ ಬೀಳುತ್ತಾರೆ. ಆ ನಡಿಗೆಯ ಕಾರಣ ನಮ್ಮ ಶಾಲೆಗಳ ಮಕ್ಕಳಿಗೆ ತಿಳಿಯದು. ತಿಳಿಯದಿರುವುದೇ ಒಂದು ಭಾಗ್ಯ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡುಬಂದ ಪ್ರಕರಣವೇ ನೈಸರ್ಗಿಕವಾಗಿ ಹರಡುವ ಪೋಲಿಯೊ ವೈರಾಣುವಿನಿಂದ ನಮ್ಮ ದೇಶದಲ್ಲಿ ಉಂಟಾದ ಕೊನೆಯದು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಲಸಿಕೆ ಕಂಡುಹಿಡಿದವರ ಹೆಸರನ್ನು ಮಕ್ಕಳು ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಓದುತ್ತಾರೆ. ಆದರೆ ಲಸಿಕೆ ಬರುವುದಕ್ಕೆ ಮುನ್ನ, ಕಾಲು ಸೋತ ಮಗುವಿನ ಹಾಸಿಗೆಯ ಪಕ್ಕದಲ್ಲಿ ಹಗಲಿರುಳು ಕುಳಿತವರ ಹೆಸರುಗಳು ಅಷ್ಟಾಗಿ ಕೇಳಿಬರುವುದಿಲ್ಲ. ಅಂಥವರಲ್ಲಿ ಲೋಕದ ಗಮನ ಸೆಳೆದವರೂ ವೈದ್ಯರೊಡನೆ ಬದುಕಿಡೀ ಜಗಳ ಕಟ್ಟಿಕೊಂಡವರೂ ಆದ ಒಬ್ಬ ಹೆಣ್ಣುಮಗಳು ಆಸ್ಟ್ರೇಲಿಯಾದ ಎಲಿಜಬೆತ್ ಕೆನ್ನಿ.

ಕೆನ್ನಿಯವರು ಹುಟ್ಟಿದ್ದು 1880ರ ಸೆಪ್ಟೆಂಬರ್ 20ರಂದು, ನ್ಯೂ ಸೌತ್ ವೇಲ್ಸ್ ಪ್ರಾಂತದ ವಾರಿಯಾಲ್ಡಾ ಎಂಬ ಸಣ್ಣ ಊರಿನಲ್ಲಿ. ತಂದೆ ಐರ್ಲೆಂಡಿನಿಂದ ಬಂದು ನೆಲೆಸಿದ ಬೇಸಾಯಗಾರ. ಸಂಸಾರವು ಊರಿಂದೂರಿಗೆ ಸಾಗುತ್ತಿದ್ದುದರಿಂದ ಮಕ್ಕಳ ಓದು ತುಂಡುತುಂಡಾಗಿಯೇ ನಡೆಯಿತು. ಕೊನೆಗೆ ಅವರು ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಡಾರ್ಲಿಂಗ್ ಡೌನ್ಸ್ ಬಯಲಿನ ನಾಬಿ ಎಂಬ ಹಳ್ಳಿಯಲ್ಲಿ ನೆಲೆಯೂರಿದರು. ಎಲಿಜಬೆತ್ ಹದಿಹರೆಯದಲ್ಲಿ ಕುದುರೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ಚಿಕಿತ್ಸೆಗೆಂದು ಟೂವೂಂಬಾ ಪಟ್ಟಣದ ಶಸ್ತ್ರವೈದ್ಯ ಈನಿಯಸ್ ಮೆಕ್‌ಡೊನೆಲ್ ಅವರಲ್ಲಿಗೆ ಕರೆದೊಯ್ದರು. ಮೂಳೆ ಕೂಡುವವರೆಗಿನ ಬಿಡುವಿನಲ್ಲಿ ಹುಡುಗಿ ಆ ವೈದ್ಯರ ಅಂಗರಚನೆಯ ಪುಸ್ತಕಗಳನ್ನು ತಿರುವಿಹಾಕುತ್ತ, ಸ್ನಾಯುಗಳ ಚಿತ್ರಗಳನ್ನು ಮನಸ್ಸಿಗೆ ಇಳಿಸಿಕೊಂಡಳು. ಮುಂದೆ ಮೆಕ್‌ಡೊನೆಲ್ ಅವರೇ ಆಕೆಗೆ ಗುರುವೂ ಬೆಂಬಲವೂ ಆದರು.

ಶುಶ್ರೂಷೆಯ ಶಾಲೆಯ ಮೆಟ್ಟಿಲನ್ನು ಕೆನ್ನಿಯವರು ಎಂದೂ ಹತ್ತಲಿಲ್ಲ. ರೈತರ ಫಸಲನ್ನು ಬ್ರಿಸ್ಬೇನ್ ಮಾರುಕಟ್ಟೆಗೆ ಮಾರಿಸಿಕೊಡುವ ದಲ್ಲಾಳಿ ಕೆಲಸದಲ್ಲಿ ಒಂದಿಷ್ಟು ಹಣ ಸಂಪಾದಿಸಿ, ಅದರಿಂದ ದರ್ಜಿಯ ಕೈಯಲ್ಲಿ ದಾದಿಯ ಸಮವಸ್ತ್ರ ಹೊಲಿಸಿಕೊಂಡರು. ಬಟ್ಟೆ ಹೊಲಿಸಿಕೊಂಡ ಮಾತ್ರಕ್ಕೆ ದಾದಿಯಾಗುವುದೇ ಎಂದು ಇಂದು ಕೇಳಬಹುದು. ಅಂದೂ ಕೇಳಿದರು, ಸಾಯುವವರೆಗೂ ಕೇಳಿದರು. ಆದರೆ ವೈದ್ಯರು ಹತ್ತಾರು ಮೈಲಿ ದೂರವಿದ್ದ ಆ ಹೊಲಮನೆಗಳಲ್ಲಿ ಹೆರಿಗೆಗೆ, ಜ್ವರಕ್ಕೆ, ಗಾಯಕ್ಕೆ ಕುದುರೆಯೇರಿ ಬರುತ್ತಿದ್ದವರು ಅವರೊಬ್ಬರೇ. ಕರೆದವರ ಮನೆಗೆ ಹೋಗುತ್ತಿದ್ದರು, ಸಂಭಾವನೆ ಕೇಳುತ್ತಿರಲಿಲ್ಲ.

ಅವರ ಆತ್ಮಕಥೆಯ ಪ್ರಕಾರ 1911ರಲ್ಲಿ ಒಂದು ಹೊಲಮನೆಗೆ ಹೋದಾಗ ಎಳೆಯ ಹೆಣ್ಣುಮಗುವೊಂದು ಕೈಕಾಲು ಸೊಟ್ಟಗಾಗಿ, ಮುಟ್ಟಿದರೆ ಚೀರುವಂತಹ ನೋವಿನಲ್ಲಿ ಮಲಗಿತ್ತು. ಏನೆಂದು ತಿಳಿಯದೆ ಕೆನ್ನಿಯವರು ಮೆಕ್‌ಡೊನೆಲ್ ಅವರಿಗೆ ತಂತಿ ಕಳುಹಿಸಿದರು. ಇದು ಮಕ್ಕಳ ಪಾರ್ಶ್ವವಾಯುವಿನಂತೆ ಕಾಣುತ್ತದೆ, ಇದಕ್ಕೆ ಗೊತ್ತಾದ ಮದ್ದಿಲ್ಲ, ಕಂಡ ಲಕ್ಷಣಗಳಿಗೆ ತಕ್ಕಂತೆ ಕೈಲಾದುದನ್ನು ಮಾಡಿ ಎಂಬ ಅರ್ಥದ ಉತ್ತರ ಬಂದಿತು. ಮಕ್ಕಳ ಪಾರ್ಶ್ವವಾಯು ಎಂದರೆ ಪೋಲಿಯೊ. ಕೆನ್ನಿಯವರು ಮಗುವಿನ ಮೈಯನ್ನು ಮುಟ್ಟಿ ನೋಡಿದರು. ಸ್ನಾಯುಗಳು ಗಂಟುಕಟ್ಟಿದಂತೆ ಬಿಗಿದಿದ್ದವು. ಬಿಸಿ ಉಪ್ಪಿನ ಚೀಲ ಇಟ್ಟು ನೋಡಿದರು, ಅಗಸೆ ಹಿಟ್ಟಿನ ಪಟ್ಟು ಹಾಕಿ ನೋಡಿದರು. ಮಗುವಿಗೆ ಅದರ ಭಾರವೇ ತಡೆಯಲಾಗಲಿಲ್ಲ. ಕೊನೆಗೆ ಮೆತ್ತಗಿನ ಉಣ್ಣೆಯ ಕಂಬಳಿಯನ್ನು ಹರಿದು, ಕುದಿಯುವ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಬಿಗಿದ ಸ್ನಾಯುಗಳಿಗೆ ಸುತ್ತಿದರು. ಮಗುವಿನ ನರಳಾಟ ನಿಂತು ನಿದ್ದೆ ಹತ್ತಿತು. ಈ ಕಥೆಯ ವಿವರಗಳು ಆಕೆ ದಶಕಗಳ ನಂತರ ನೆನೆದು ಬರೆದವು ಎಂಬುದನ್ನು ನಾವು ಮರೆಯಬಾರದು. ಆದರೂ ಮುಂದೆ ಲೋಕವೆಲ್ಲ ತಿಳಿದ ಕೆನ್ನಿ ಪದ್ಧತಿಯ ಬೇರು ಇಂತಹ ಹಳ್ಳಿಮನೆಗಳಲ್ಲಿಯೇ ಇದೆ.

ಅಂದು ಪಟ್ಟಣದ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದುದು ಇದಕ್ಕೆ ತದ್ವಿರುದ್ಧ. ಪೋಲಿಯೊ ವೈರಾಣು ಬೆನ್ನುಹುರಿಯಲ್ಲಿದ್ದು ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಹಾಳುಮಾಡುತ್ತದೆ. ಕಾಲಿನ ಒಂದು ಬದಿಯ ಸ್ನಾಯು ಸತ್ತಂತಾಗಿ ಎದುರುಬದಿಯದು ಗಟ್ಟಿಯಾಗಿ ಉಳಿದರೆ, ಗಟ್ಟಿಯಾದುದು ಎಳೆದು ಕಾಲು ಸೊಟ್ಟಗಾಗುತ್ತದೆ ಎಂಬುದು ವೈದ್ಯರ ಲೆಕ್ಕಾಚಾರ. ಆದುದರಿಂದ ಮಗುವಿನ ಕಾಲನ್ನೂ ಬೆನ್ನನ್ನೂ ನೇರಮಾಡಿ ಮರದ ಪಟ್ಟಿ, ಪ್ಲಾಸ್ಟರ್, ಕಬ್ಬಿಣದ ಚೌಕಟ್ಟುಗಳಿಗೆ ಕಟ್ಟಿ ಅಲುಗಾಡದಂತೆ ಮಲಗಿಸುತ್ತಿದ್ದರು. ಅದೂ ಒಂದೆರಡು ವಾರವಲ್ಲ, ತಿಂಗಳುಗಟ್ಟಲೆ. ಕಟ್ಟು ಬಿಚ್ಚುವ ಹೊತ್ತಿಗೆ ಉಳಿದಿದ್ದ ಸ್ನಾಯುವೂ ಬಡಕಲಾಗಿ, ಕೀಲುಗಳು ಹಿಡಿದುಕೊಂಡಿರುತ್ತಿದ್ದವು. ಈ ವೈದ್ಯರು ಕ್ರೂರಿಗಳಾಗಿರಲಿಲ್ಲ; ಅವರ ಲೆಕ್ಕಾಚಾರದಲ್ಲಿ ತರ್ಕವಿತ್ತು. ಆದರೆ ಆ ತರ್ಕದಲ್ಲಿ ಮಗುವಿನ ನೋವಿಗೆ ಜಾಗವಿರಲಿಲ್ಲ ಎಂದು ನಮಗನ್ನಿಸುತ್ತದೆ.

ಮೊದಲ ಮಹಾಯುದ್ಧ ಬಂದಾಗ ಕೆನ್ನಿಯವರು 1915ರಲ್ಲಿ ಆಸ್ಟ್ರೇಲಿಯಾದ ಸೈನಿಕ ಶುಶ್ರೂಷಾ ದಳವನ್ನು ಸೇರಿ, ಗಾಯಾಳುಗಳನ್ನು ತಾಯ್ನಾಡಿಗೆ ತರುವ ಹಡಗುಗಳಲ್ಲಿ ದುಡಿದರು. 1917ರಲ್ಲಿ ಅವರಿಗೆ ಸಿಸ್ಟರ್ ಎಂಬ ದರ್ಜೆ ದೊರೆಯಿತು. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲ ದಾದಿಯರನ್ನೂ ಸಿಸ್ಟರ್ ಎಂದೇ ಕರೆಯುವುದರಿಂದ ಇದರ ತೂಕ ನಮಗೆ ಥಟ್ಟನೆ ಹೊಳೆಯದು. ಅಲ್ಲಿ ಅದು ಸೇನೆಯಲ್ಲಿ ಗಳಿಸಬೇಕಾದ ಬಿರುದು. ಕೆನ್ನಿಯವರ ಕೈಯಲ್ಲಿದ್ದ ಏಕೈಕ ಅಧಿಕೃತ ಮನ್ನಣೆ ಅದೇ ಆಗಿದ್ದುದರಿಂದ ಅದನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಯುದ್ಧದ ನಂತರ ನಾಬಿಗೆ ಮರಳಿದ ಅವರು, ನೇಗಿಲಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡ ನೆರೆಮನೆಯ ಸಿಲ್ವಿಯಾ ಎಂಬ ಬಾಲೆಯನ್ನು ಕಪಾಟಿನ ಬಾಗಿಲಿನ ಮೇಲೆ ಮಲಗಿಸಿಕೊಂಡು ಟೂವೂಂಬಾಕ್ಕೆ ಸಾಗಿಸಿದರು. ಅದೇ ಅನುಭವದಿಂದ ಗಾಯಾಳುವನ್ನು ಕುಲುಕದೆ ಒಯ್ಯುವ ಸ್ಟ್ರೆಚರ್ ಒಂದನ್ನು ರೂಪಿಸಿ, 1927ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಸ್ಟ್ರೆಚರಿಗೆ ಆ ಬಾಲೆಯ ಹೆಸರನ್ನೇ ಇಟ್ಟರು. ಮದುವೆಯಾಗದ ಕೆನ್ನಿಯವರು ಮೇರಿ ಎಂಬ ಹುಡುಗಿಯನ್ನು ದತ್ತು ತೆಗೆದುಕೊಂಡದ್ದೂ ಇದೇ ದಶಕದಲ್ಲಿ. ಮುಂದೆ ಮೇರಿ ತಾಯಿಯ ಪದ್ಧತಿಯನ್ನು ಕಲಿತು ಆಕೆಯ ಜೊತೆಗೆ ದೇಶದೇಶ ಸುತ್ತಿದಳು.

1930ರ ದಶಕದ ಆರಂಭದಲ್ಲಿ, ಕ್ವೀನ್ಸ್‌ಲ್ಯಾಂಡಿನ ಉತ್ತರದ ಟೌನ್ಸ್‌ವಿಲ್ ಪಟ್ಟಣದಲ್ಲಿ, ಒಂದು ಹೋಟೆಲಿನ ಹಿತ್ತಿಲಲ್ಲಿ ಚಪ್ಪರ ಹಾಕಿ ಕೆನ್ನಿಯವರು ಮಕ್ಕಳ ಚಿಕಿತ್ಸಾಲಯವನ್ನು ತೆರೆದರು. ಅಲ್ಲಿಗೆ ಬಂದವರು ಪೋಲಿಯೊ ಮಕ್ಕಳಷ್ಟೇ ಅಲ್ಲ. ಹುಟ್ಟಿನಿಂದಲೇ ಮೆದುಳಿಗೆ ಪೆಟ್ಟಾಗಿ ಕೈಕಾಲುಗಳು ಬಿಗಿದುಕೊಂಡ, ನಾವು ಇಂದು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ತೊಂದರೆಯ ಮಕ್ಕಳೂ ಇದ್ದರು. ಬಿಸಿನೀರಿನ ಸ್ನಾನ, ಬಿಸಿ ಕಂಬಳಿ, ದಾದಿಯ ಕೈಯಿಂದ ಮೆಲ್ಲನೆ ಕಾಲನ್ನು ಆಡಿಸುವುದು, ಕಟ್ಟುಪಟ್ಟಿಗಳನ್ನೂ ಕ್ಯಾಲಿಪರ್‌ಗಳನ್ನೂ ತೆಗೆದಿಡುವುದು, ತನ್ನ ಬಲದಿಂದಲೇ ಚಲಿಸುವಂತೆ ಮಗುವನ್ನು ಹುರಿದುಂಬಿಸುವುದು ಅಲ್ಲಿಯ ಕ್ರಮ. ತಾಯಿತಂದೆಯರು ದೂರದೂರದಿಂದ ಮಕ್ಕಳನ್ನು ಹೊತ್ತು ತಂದರು. ಆಸ್ಪತ್ರೆಗಳು ಕೈಬಿಟ್ಟಿದ್ದ ಮಕ್ಕಳ ಪೋಷಕರಿಗೆ ಆಕೆಯ ಬಳಿ ಪದವಿ ಇದೆಯೇ ಎಂಬ ಪ್ರಶ್ನೆ ದೊಡ್ಡದಾಗಿ ತೋರಲಿಲ್ಲ. ಅವರ ಒತ್ತಾಯಕ್ಕೆ ಸರ್ಕಾರ ಮಣಿಯಿತು. 1934ರಿಂದ ಪ್ರಾಂತದ ಬೇರೆ ಊರುಗಳಲ್ಲಿಯೂ ಸರ್ಕಾರದ ಹಣದಲ್ಲಿ ಕೆನ್ನಿ ಚಿಕಿತ್ಸಾಲಯಗಳು ತೆರೆದವು.

ವೈದ್ಯರ ಸಿಟ್ಟು ಏರಿತು. ಕ್ವೀನ್ಸ್‌ಲ್ಯಾಂಡ್ ಸರ್ಕಾರ ನೇಮಿಸಿದ ವೈದ್ಯರ ರಾಯಲ್ ಕಮಿಷನ್ 1938ರ ಜನವರಿಯಲ್ಲಿ ವರದಿ ನೀಡಿ, ಕಾಲಿನ ಕಟ್ಟುಗಳನ್ನು ಬಿಚ್ಚುವುದು ಘೋರ ತಪ್ಪೆಂದು ತೀರ್ಮಾನಿಸಿತು. ಇದಕ್ಕೆ ಕೆಲವೇ ತಿಂಗಳ ಮುಂಚೆ ಕೆನ್ನಿಯವರು ಇಂಗ್ಲೆಂಡಿಗೆ ಹೋಗಿ ಕಾರ್ಶಾಲ್ಟನ್‌ನ ಕ್ವೀನ್ ಮೇರಿ ಮಕ್ಕಳ ಆಸ್ಪತ್ರೆಯಲ್ಲಿ ತಮ್ಮ ಪದ್ಧತಿಯನ್ನು ತೋರಿಸಿದ್ದರು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಅಂಗರಚನಾ ಪ್ರಾಧ್ಯಾಪಕ ಹರ್ಬರ್ಟ್ ವಿಲ್ಕಿನ್ಸನ್ ಅವರ ಪುಸ್ತಕಕ್ಕೆ ಮುನ್ನುಡಿ ಬರೆದಿದ್ದರು. ಹೀಗೆ ಒಂದು ಕಡೆ ಖಂಡನೆ, ಇನ್ನೊಂದು ಕಡೆ ಮೆಚ್ಚುಗೆ. ವರದಿಯ ಹೊರತಾಗಿಯೂ ಬ್ರಿಸ್ಬೇನಿನ ದೊಡ್ಡಾಸ್ಪತ್ರೆಯಲ್ಲಿ ಅವರಿಗೆ ಒಂದು ವಾರ್ಡ್ ದೊರೆಯಿತು. ಅಲ್ಲಿ ಕಣ್ಣಾರೆ ನೋಡಿದ ಕೆಲವು ವೈದ್ಯರು ಮನಸ್ಸು ಬದಲಿಸಿ, ಅಮೆರಿಕಕ್ಕೆ ಪರಿಚಯಪತ್ರಗಳನ್ನು ಬರೆದುಕೊಟ್ಟರು.

1940ರ ವಸಂತದಲ್ಲಿ, 59ರ ಹರೆಯದಲ್ಲಿ, ಮಗಳು ಮೇರಿಯೊಡನೆ ಕೆನ್ನಿಯವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದರು. ನ್ಯೂಯಾರ್ಕಿನಲ್ಲಿಯೂ ಷಿಕಾಗೊದಲ್ಲಿಯೂ ಯಾರೂ ಕಿವಿಗೊಡಲಿಲ್ಲ. ಊರಿಗೆ ಮರಳುವ ಯೋಚನೆಯಲ್ಲಿದ್ದಾಗಲೇ ಮಿನೆಸೋಟದ ಮೇಯೊ ಕ್ಲಿನಿಕ್‌ನ ಮೂಲಕ ಮಿನಿಯಾಪೊಲಿಸ್ ನಗರದ ವೈದ್ಯರ ಪರಿಚಯವಾಯಿತು. ಮಿಲಂಡ್ ನ್ಯಾಪ್, ಜಾನ್ ಪೋಲ್, ವಾಲೇಸ್ ಕೋಲ್ ಎಂಬ ಮೂವರು, ಮೊದಲು ನೋಡೋಣ, ಆಮೇಲೆ ಮಾತಾಡೋಣ ಎಂಬ ಸರಳ ನಿಲುವು ತಳೆದರು. ನಮ್ಮ ಕಣ್ಣಿಗೆ ಈ ಕಥೆಯ ನಿಜವಾದ ತಿರುವು ಅದೇ.

ಆ ವೈದ್ಯರು ಕಂಡದ್ದೇನು? ಹಳೆಯ ಉಣ್ಣೆ ಕಂಬಳಿಗಳನ್ನು ಸ್ನಾಯುವಿನ ಆಕಾರಕ್ಕೆ ತಕ್ಕಂತೆ ಕತ್ತರಿಸಿ, ಕುದಿಸಿ, ಹಿಂಡುವ ಯಂತ್ರದಲ್ಲಿ ಎರಡೆರಡು ಬಾರಿ ಹಿಂಡಿಸುತ್ತಿದ್ದರು. ಒಂದು ಹನಿ ನೀರು ಉಳಿದರೂ ಮಗುವಿನ ಚರ್ಮ ಸುಡುತ್ತದೆ. ಹಿಂಡಿದ ಬಟ್ಟೆಯನ್ನು ಸ್ನಾಯುವಿನ ಮೇಲೆ ಮಾತ್ರ ಹಾಕುವುದು, ಕೀಲುಗಳನ್ನು ತೆರೆದಿಡುವುದು. ಅದರ ಮೇಲೆ ನೀರು ಸೋರದ ಬಟ್ಟೆ, ಅದರ ಮೇಲೆ ಒಣ ಉಣ್ಣೆ. ಆರಿದಂತೆಲ್ಲ ಬದಲಿಸುವುದು, ದಿನವಿಡೀ. ಹಾಸಿಗೆಯ ಅಡಿಯಲ್ಲಿ ಹಲಗೆ. ಕಾಲಿನ ತುದಿಯಲ್ಲಿ ಇನ್ನೊಂದು ಹಲಗೆ ನಿಲ್ಲಿಸಿ, ಮಲಗಿದ ಮಗುವಿನ ಪಾದಗಳು ನೆಲದ ಮೇಲೆ ನಿಂತಂತೆಯೇ ಅದಕ್ಕೆ ತಾಗಿರುವ ಏರ್ಪಾಡು. ನಿಲ್ಲುವುದು ಹೇಗೆಂಬುದನ್ನು ದೇಹ ಮರೆಯಬಾರದು ಎಂಬುದೇ ಅದರ ಉದ್ದೇಶ. ಇದಕ್ಕೆ ಎಷ್ಟು ಕೈಗಳು ಬೇಕಾಗುತ್ತಿದ್ದವೆಂಬುದನ್ನು ಊಹಿಸಬಹುದು. ಅಂದಿನ ಮಕ್ಕಳು ಮುದುಕರಾದ ಮೇಲೂ ಮರೆಯದ ಸಂಗತಿ ಆ ಒದ್ದೆ ಉಣ್ಣೆಯ ವಾಸನೆ. ಬಿಸಿ ತಾಳಲಾರದೆ ಅತ್ತದ್ದನ್ನೂ ಅನೇಕರು ನೆನೆದಿದ್ದಾರೆ. ಇದು ಹೂವಿನ ಚಿಕಿತ್ಸೆಯೇನೂ ಆಗಿರಲಿಲ್ಲ.

ನೋವು ಇಳಿದ ಮೇಲೆ ಎರಡನೆಯ ಹಂತ. ಇದು ನಮ್ಮ ಮನಸ್ಸನ್ನು ಹೆಚ್ಚು ತಟ್ಟುತ್ತದೆ. ಕಾಲು ಆಡಿಸು ಎಂದು ಕೆನ್ನಿಯವರು ಮಗುವಿಗೆ ಹೇಳುತ್ತಿರಲಿಲ್ಲ. ಯಾವ ಸ್ನಾಯು ಕೆಲಸ ಮಾಡಬೇಕು, ಅದು ಮೂಳೆಗೆ ಎಲ್ಲಿ ಅಂಟಿದೆ ಎಂಬುದನ್ನು ಬೆರಳಿಟ್ಟು ತೋರಿಸಿ, ತಾವೇ ಕಾಲನ್ನು ಮೆಲ್ಲನೆ ಚಲಿಸುತ್ತ, ಮಗುವಿನ ಮನಸ್ಸನ್ನು ಆ ಒಂದು ಜಾಗಕ್ಕೆ ತರುತ್ತಿದ್ದರು. ಮಗು ಮೊದಲು ಯೋಚಿಸಬೇಕು, ಆಮೇಲೆ ಪ್ರಯತ್ನಿಸಬೇಕು. ಸೋತ ಸ್ನಾಯುವಿನ ಬದಲು ಪಕ್ಕದ ಸ್ನಾಯುವನ್ನು ಬಳಸಿ ಹೇಗೋ ಕಾಲೆತ್ತಿದರೆ ಅದಕ್ಕೆ ಮೆಚ್ಚುಗೆಯಿಲ್ಲ. ಬೆರಳೆಲೆಯಷ್ಟು ಸಣ್ಣ ಚಲನೆಯಾದರೂ ಸರಿಯಾಗಿರಬೇಕು. ಸಣ್ಣ ಮಕ್ಕಳು ಸ್ನಾಯುಗಳ ಹೆಸರು ಕಲಿತು ತಮ್ಮ ಮೈಯ ಬಗ್ಗೆ ತಾವೇ ಮಾತಾಡತೊಡಗಿದರು.

ಈ ಹಂತವೆಲ್ಲ ನಿಂತಿರುವುದು ದಾದಿಯ ಮಾತು ಮಗುವಿಗೆ ಅರ್ಥವಾಗುವುದರ ಮೇಲೆ. ಇದನ್ನು ಓದುವಾಗ ನಮ್ಮ ಮನೆಗಳ ನೆನಪಾಗದಿರದು. ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯದಂತಹ ತೊಂದರೆಗಳಿರುವ ಮಕ್ಕಳು ನಮ್ಮ ಕನ್ನಡ ಶಾಲೆಗಳಲ್ಲಿಯೂ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಇವೆರಡೂ ಸೇರಿವೆ. ವ್ಯಾಯಾಮ ಹೇಳಿಕೊಡುವವರು ಮಲಯಾಳದಲ್ಲಿಯೋ ತಮಿಳಿನಲ್ಲಿಯೋ ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ಹೇಳುತ್ತಾರೆ. ಮನೆಯಲ್ಲಿ ಕನ್ನಡವಷ್ಟನ್ನೇ ಕೇಳಿದ ಐದಾರು ವರ್ಷದ ಮಗು ಸುಮ್ಮನೆ ತಲೆಯಾಡಿಸುತ್ತದೆ. ಹೇಳುವವರ ತಪ್ಪೇನೂ ಇಲ್ಲ. ಆದರೆ ಅಂತಹ ಹೊತ್ತಿನಲ್ಲಿ ತಾಯಿಯೋ ಅಜ್ಜಿಯೋ ಪಕ್ಕದಲ್ಲಿ ಕುಳಿತು ಪ್ರತಿ ಸೂಚನೆಯನ್ನೂ ಮಗುವಿನ ಮಾತಿಗೆ ತಿರುಗಿಸಿ ಹೇಳುವುದು ಬರಿಯ ಉಪಕಾರವಲ್ಲ, ಚಿಕಿತ್ಸೆಯ ಒಂದು ಭಾಗ. ಪೋಷಕರು ಇದಕ್ಕಾಗಿ ಒಳಗೆ ಬರಲು ಅವಕಾಶ ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಮತ್ತೆ ಮಿನಿಯಾಪೊಲಿಸ್‌ಗೆ ಬರೋಣ. ಅಧ್ಯಕ್ಷ ರೂಸ್‌ವೆಲ್ಟ್ ಅವರು ಸ್ಥಾಪಿಸಿದ್ದ ರಾಷ್ಟ್ರೀಯ ಪೋಲಿಯೊ ಪ್ರತಿಷ್ಠಾನವು 1941ರ ಡಿಸೆಂಬರಿನಲ್ಲಿ ಕೆನ್ನಿ ಪದ್ಧತಿಗೆ ಒಪ್ಪಿಗೆ ಸೂಚಿಸಿತು. ಮರುವರ್ಷದ ಡಿಸೆಂಬರಿನಲ್ಲಿ ಅದೇ ನಗರದಲ್ಲಿ ಎಲಿಜಬೆತ್ ಕೆನ್ನಿ ಇನ್‌ಸ್ಟಿಟ್ಯೂಟ್ ತೆರೆಯಿತು. ದಾದಿಯರೂ ಫಿಸಿಯೊಥೆರಪಿ ತಜ್ಞರೂ ದೂರದೂರದಿಂದ ಅಲ್ಲಿಗೆ ಕಲಿಯಲು ಬಂದರು. ಪ್ಲಾಸ್ಟರ್ ಕಟ್ಟುಗಳು ಒಂದೊಂದೇ ಆಸ್ಪತ್ರೆಯಲ್ಲಿ ಮರೆಯಾಗತೊಡಗಿದವು. ಎತ್ತರದ ನಿಲುವು, ಅಗಲವಾದ ಟೊಪ್ಪಿಗೆ, ಯಾರಿಗೂ ಬಗ್ಗದ ಮಾತಿನ ಆ ಮಹಿಳೆ ಅಮೆರಿಕದ ಮನೆಮಾತಾದರು. 1946ರಲ್ಲಿ ರೊಸಾಲಿಂಡ್ ರಸೆಲ್ ನಾಯಕಿಯಾಗಿ ಸಿಸ್ಟರ್ ಕೆನ್ನಿ ಎಂಬ ಚಲನಚಿತ್ರವೇ ಬಂದಿತು. 1950ರಲ್ಲಿ ಅಮೆರಿಕದ ಸಂಸತ್ತು ಅವರಿಗೆ ವೀಸಾ ಇಲ್ಲದೆ ದೇಶಕ್ಕೆ ಬಂದುಹೋಗುವ ಹಕ್ಕನ್ನು ಕೊಟ್ಟಿತು. ಅಮೆರಿಕನ್ನರು ಅತಿಯಾಗಿ ಮೆಚ್ಚಿದ ಮಹಿಳೆ ಯಾರೆಂಬ 1951ರ ಗ್ಯಾಲಪ್ ಸಮೀಕ್ಷೆಯಲ್ಲಿ ಎಲಿನಾರ್ ರೂಸ್‌ವೆಲ್ಟ್ ಅವರನ್ನೂ ಹಿಂದಿಕ್ಕಿ ಕೆನ್ನಿಯವರ ಹೆಸರು ಮೇಲೇರಿತು.

ಇಷ್ಟೆಲ್ಲ ಆದರೂ ಜಗಳ ತೀರಲಿಲ್ಲ. ತಮ್ಮ ಕೈಯ ಕೆಲಸವಷ್ಟನ್ನೇ ಹೇಳಿದ್ದರೆ ಕೆನ್ನಿಯವರಿಗೆ ಇಷ್ಟು ಶತ್ರುಗಳು ಇರುತ್ತಿರಲಿಲ್ಲವೇನೋ. ಅವರು ರೋಗದ ಸ್ವರೂಪವನ್ನೇ ತಾವು ಬೇರೆಯಾಗಿ ಕಂಡಿರುವುದಾಗಿ ಸಾಧಿಸಹೊರಟರು. ತೊಂದರೆಯ ಮೂಲ ಬೆನ್ನುಹುರಿಯಲ್ಲಲ್ಲ, ಸೆಳೆತಕ್ಕೆ ಸಿಕ್ಕ ಸ್ನಾಯುಗಳಲ್ಲಿಯೇ ಇದೆ ಎಂದರು. ಇದು ತಪ್ಪು. ನರಕೋಶ ಪೂರ್ತಿ ಸತ್ತರೆ ಯಾವ ಬಿಸಿ ಕಂಬಳಿಯೂ ಅದನ್ನು ಬದುಕಿಸಲಾರದು. ಪೋಲಿಯೊ ತಗುಲಿದ ಎಷ್ಟೋ ಮಕ್ಕಳಲ್ಲಿ ಮೊದಲ ತಿಂಗಳುಗಳಲ್ಲಿ ಬಲ ತಾನಾಗಿಯೇ ಒಂದಿಷ್ಟು ಮರಳುತ್ತದೆ; ಅದನ್ನೂ ಕೆನ್ನಿಯವರು ತಮ್ಮ ಖಾತೆಗೇ ಬರೆದುಕೊಂಡರೆಂಬ ಆಕ್ಷೇಪದಲ್ಲಿ ಹುರುಳಿದೆ. 1944ರಲ್ಲಿ ಮೂಳೆತಜ್ಞರ ಸಮಿತಿಯೊಂದು ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಅವರ ಹೇಳಿಕೆಗಳನ್ನು ಕಟುವಾಗಿ ಟೀಕಿಸಿತು. ಟೀಕೆ ಮಾಡಿದವರನ್ನು ಅವರು ಕ್ಷಮಿಸಿದವರಲ್ಲ, ಬೆಂಬಲಿಸಿದವರೊಡನೆಯೂ ಮುನಿಸಿಕೊಂಡದ್ದುಂಟು. ಆದರೂ ಚಿಕಿತ್ಸೆಯ ವಿಷಯದಲ್ಲಿ ಕಾಲ ಅವರ ಕಡೆಗೇ ವಾಲಿತು. ತಿಂಗಳುಗಟ್ಟಲೆ ಕಟ್ಟಿಹಾಕುವುದನ್ನು ಬಿಟ್ಟು, ಬೇಗನೆ ಚಲನೆ ಕೊಡುವುದೇ ಸರಿಯೆಂದು ವೈದ್ಯಲೋಕ ಒಪ್ಪಿತು. ಇಂದಿನ ಪುನಶ್ಚೇತನ ಚಿಕಿತ್ಸೆಯ ಅಡಿಪಾಯದಲ್ಲಿ ಅವರ ಕಲ್ಲೂ ಇದೆ. ಕಾರಣ ಹೇಳುವುದರಲ್ಲಿ ಸೋತವರು ಆರೈಕೆಯಲ್ಲಿ ಗೆದ್ದರು. ಇದು ವಿಚಿತ್ರವಾದರೂ ನಿಜ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಈ ಕಥೆಯನ್ನೋದಿ ಯಾರೂ ಮನೆಯಲ್ಲಿ ಮಗುವಿನ ಕಾಲಿಗೆ ಕುದಿವ ಬಟ್ಟೆ ಸುತ್ತಬಾರದು. 15 ವರ್ಷದೊಳಗಿನ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಜೋಲುಬಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಅಂತಹ ಪ್ರತಿ ಮಗುವಿನ ಮಲದ ಎರಡು ಮಾದರಿಗಳನ್ನು ತೆಗೆದು ಪೋಲಿಯೊ ಅಲ್ಲವೆಂದು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ನಮ್ಮ ದೇಶದ ಎಲ್ಲ ರಾಜ್ಯಗಳಲ್ಲಿಯೂ ಇಂದಿಗೂ ನಡೆದಿದೆ.

ಕೊನೆಯ ವರ್ಷಗಳಲ್ಲಿ ಕೆನ್ನಿಯವರಿಗೆ ಪಾರ್ಕಿನ್ಸನ್ ರೋಗ ಬಂದಿತು. ನೂರಾರು ಮಕ್ಕಳ ಸ್ನಾಯುಗಳನ್ನು ಹದವಾಗಿ ಮುಟ್ಟಿ ಅರಿತಿದ್ದ ಕೈಗಳೇ ನಡುಗತೊಡಗಿದವು. 1951ರಲ್ಲಿ ಅವರು ಅಮೆರಿಕವನ್ನು ಬಿಟ್ಟು ಟೂವೂಂಬಾಕ್ಕೆ ಮರಳಿದರು. 1952ರ ನವೆಂಬರ್ 30ರಂದು ಅಲ್ಲಿಯೇ ತೀರಿಕೊಂಡರು. ಸಾಲ್ಕ್ ಲಸಿಕೆಯ ಯಶಸ್ಸು ಲೋಕಕ್ಕೆ ತಿಳಿದದ್ದು 1955ರ ಏಪ್ರಿಲ್‌ನಲ್ಲಿ; ಅದನ್ನು ನೋಡಲು ಅವರು ಇರಲಿಲ್ಲ. ಪೋಲಿಯೊ ವಾರ್ಡುಗಳು ಖಾಲಿಯಾದಂತೆ ಮಿನಿಯಾಪೊಲಿಸ್‌ನ ಸಂಸ್ಥೆ ಬೆನ್ನುಹುರಿಯ ಪೆಟ್ಟು, ಪಾರ್ಶ್ವವಾಯು ಮುಂತಾದ ಬೇರೆ ತೊಂದರೆಗಳಿಂದ ಚಲನೆ ಕಳೆದುಕೊಂಡವರ ಕಡೆಗೆ ತಿರುಗಿತು. ಇಂದು ಅದು ಕರೇಜ್ ಕೆನ್ನಿ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಕೆನ್ನಿಯವರನ್ನು ಸಮಾಧಿ ಮಾಡಿದ್ದು ನಾಬಿ ಹಳ್ಳಿಯ ಸ್ಮಶಾನದಲ್ಲಿ, ತಾಯಿಯ ಸಮಾಧಿಯ ಪಕ್ಕದಲ್ಲಿ.